ವಿಶ್ವಕಪ್ ನೋಡಲು ಹೊರಡುವ ಮುನ್ನ

1950ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲಿಗೆ ಭಾರತಕ್ಕೂ ಸ್ಥಾನ ದೊರೆತಿತ್ತು; ತಂಡ ಮಾತ್ರ ಹೋಗಲಿಲ್ಲ. ಅಭ್ಯಾಸಕ್ಕೆ ಸಮಯ ಸಾಲದೆಂಬುದು ಅಂದು ನೀಡಲಾದ ಕಾರಣಗಳಲ್ಲೊಂದು. ನಮ್ಮ ಪುರುಷರ ತಂಡಕ್ಕೆ ಆ ಅವಕಾಶ ಇಂದಿಗೂ ಮರಳಿ ಬಂದಿಲ್ಲ. ಆಡಲು ಹೋಗುವವರಿಗಷ್ಟೇ ಅಲ್ಲ, ನೋಡಲು ಹೋಗುವವರಿಗೂ ಪೂರ್ವಸಿದ್ಧತೆಯೇ ಮುಖ್ಯ.

2022ರಲ್ಲಿ ವಿಶ್ವಕಪ್ ಕತಾರಿಗೆ ಬಂದಾಗ ಮಲಬಾರಿನವರಿಗೆ ಅದು ನೆರೆಮನೆಯ ಹಬ್ಬವೇ ಆಗಿತ್ತು. ಎಂಟೂ ಕ್ರೀಡಾಂಗಣಗಳು ದೋಹಾದಲ್ಲಿ ಅಥವಾ ಅದರ ಆಸುಪಾಸಿನಲ್ಲಿ. ಅಲ್ಲಿ ದುಡಿಯುವ ಬಂಧುಗಳ ಕೋಣೆಯಲ್ಲಿ ತಂಗಲು ಒಂದಿಷ್ಟು ಜಾಗ. ಆ ನೆನಪಿನಿಂದಲೇ ಮಕ್ಕಳು ಈಗಲೂ ಕೇಳುತ್ತಾರೆ: ‘ಅಪ್ಪಾ, ಈ ಸಲ ನಾವೂ ಹೋಗೋಣವೇ?’

ಆದರೆ 2026ರ ಲೆಕ್ಕವೇ ಬೇರೆ. ಜೂನ್ 11ರಿಂದ ಜುಲೈ 19ರವರೆಗೆ 48 ತಂಡಗಳು, 104 ಪಂದ್ಯಗಳು. ಅಮೆರಿಕದ 11, ಮೆಕ್ಸಿಕೊದ 3, ಕೆನಡಾದ 2 ನಗರಗಳು. ವ್ಯಾಂಕೂವರಿನಿಂದ ಮೆಕ್ಸಿಕೊ ನಗರಕ್ಕೆ ಸಾವಿರಾರು ಕಿಲೋಮೀಟರು. ನೆಚ್ಚಿನ ತಂಡದ ಹಿಂದೆ ಊರೂರು ಅಲೆದರೆ ಟಿಕೆಟಿಗಿಂತ ವಿಮಾನಕ್ಕೇ ಹೆಚ್ಚು ಹಣ ತೆರಬೇಕಾದೀತು. ಆದುದರಿಂದ ತಂಡವನ್ನಲ್ಲ, ಪ್ರದೇಶವನ್ನು ಆರಿಸಿಕೊಳ್ಳುವುದು ಜಾಣತನ. ಅಂತಿಮ ಪಂದ್ಯ ನಡೆಯುವ ನ್ಯೂಜೆರ್ಸಿ, ಫಿಲಡೆಲ್ಫಿಯಾ, ಬಾಸ್ಟನ್ ಪ್ರದೇಶಗಳ ನಡುವೆ ರೈಲಿನಲ್ಲಿಯೇ ಸಂಚರಿಸಬಹುದು.

ಮೊದಲ ಕೆಲಸ ಪಾಸ್‌ಪೋರ್ಟ್. ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದೇ ವರ್ಷ. ಕಪಾಟಿನಲ್ಲಿರುವುದು ಮುಗಿದಿದೆಯೇ ನೋಡಿಕೊಳ್ಳಿ. ಎರಡನೆಯದು ವೀಸಾ. ಪಂದ್ಯದ ಟಿಕೆಟ್ ವೀಸಾ ಅಲ್ಲ, ವೀಸಾ ದೊರೆಯುವ ಭರವಸೆಯೂ ಅಲ್ಲ. ಅಮೆರಿಕ, ಕೆನಡಾಗಳಿಗೆ ಬೇರೆ ಬೇರೆ ವೀಸಾ ಬೇಕು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರನ್ನು ಮೆಕ್ಸಿಕೊ ಪ್ರವಾಸಿಗರಾಗಿ ಬರಮಾಡಿಕೊಳ್ಳುತ್ತದೆ. ಅರ್ಜಿ ತಿರಸ್ಕೃತವಾದರೆ ಕಟ್ಟಿದ ಶುಲ್ಕ ಮರಳದು. ಮೂರನೆಯದು ಟಿಕೆಟ್: ಫಿಫಾದ ಅಧಿಕೃತ ಮಾರಾಟದಲ್ಲಿ ಮಾತ್ರ ಕೊಳ್ಳಿ, ‘ಗೊತ್ತಿರುವವರು ಕೊಡಿಸುತ್ತಾರೆ’ ಎಂಬ ಮಾತಿಗೆ ಮುಂಗಡ ಕೊಡಬೇಡಿ. ವೀಸಾ ಕೈಸೇರುವವರೆಗೆ ಹಣ ಹಿಂದಿರುಗದ ವಿಮಾನ ಟಿಕೆಟನ್ನೂ ವಸತಿಯನ್ನೂ ಕಾಯ್ದಿರಿಸದಿರುವುದು ಕ್ಷೇಮ.

ಮೆಕ್ಸಿಕೊ ನಗರಕ್ಕೆ ಹೋಗುವವರು ಒಂದು ದಿನ ಮೊದಲೇ ತಲುಪಿ ವಿಶ್ರಮಿಸಬೇಕು. ಅದರ ಎತ್ತರ ಸುಮಾರು 2,240 ಮೀಟರ್, ಹೆಚ್ಚುಕಡಿಮೆ ನಮ್ಮ ಊಟಿಯಷ್ಟೇ. 1970ರಲ್ಲಿ ಪೆಲೆ, 1986ರಲ್ಲಿ ಮರಡೋನಾ ವಿಶ್ವಕಪ್ ಎತ್ತಿಹಿಡಿದ ಆಜ್ಟೆಕಾ ಕ್ರೀಡಾಂಗಣದಲ್ಲಿಯೇ ಈ ಸಲ ಉದ್ಘಾಟನಾ ಪಂದ್ಯ.

ಇನ್ನು ಮನೆಯೊಳಗಿನ ಪ್ರಶ್ನೆ. ಜೂನ್ ಎಂದರೆ ನಮ್ಮಲ್ಲಿ ಶಾಲೆ ತೆರೆಯುವ ತಿಂಗಳು. ಶುಲ್ಕ, ಪುಸ್ತಕ, ಕೊಡೆ ಎಲ್ಲಕ್ಕೂ ಹಣ ಬೇಕಾದ ತಿಂಗಳು. ಮಗಳ ಮುಂದಿನ ಓದಿಗೆ ಕೂಡಿಟ್ಟ ಹಣವನ್ನು ತೊಂಬತ್ತು ನಿಮಿಷದ ಆಟಕ್ಕೆ ವ್ಯಯಿಸಬಹುದೇ? ಸಾಲ ಮಾಡಿ ಹೋಗುವ ಪಯಣವಾದರೆ ಬೇಡವೆನ್ನುವುದೇ ಲೇಸು. ಬೇಡವೆನ್ನುವಾಗಲೂ ಲೆಕ್ಕವನ್ನು ಮಕ್ಕಳ ಮುಂದೆಯೇ ಬರೆದು ತೋರಿಸಿ. ‘ಆಗದು’ ಎಂಬ ಒಂದು ಮಾತಿಗಿಂತ ‘ಏಕೆ ಆಗದು’ ಎಂಬುದು ಅವರಿಗೆ ಹೆಚ್ಚು ಕಲಿಸುತ್ತದೆ.

ಹೋಗದವರಿಗೂ ಆಟವಿದೆ. ಅಂತಿಮ ಪಂದ್ಯ ನಮ್ಮ ಗಡಿಯಾರದಲ್ಲಿ ಜುಲೈ 20ರ ನಡುರಾತ್ರಿ ಹನ್ನೆರಡೂವರೆಗೆ. ಗೋಡೆಗೆ ಭೂಪಟವೊಂದನ್ನು ಅಂಟಿಸಿ, ಹದಿನಾರು ನಗರಗಳ ಹೆಸರನ್ನು ಮಕ್ಕಳು ಕನ್ನಡದಲ್ಲಿ ಬರೆಯಲಿ. ಮುಂದಿನ ವಿಶ್ವಕಪ್ಪಿಗೆ ನಾಲ್ಕು ವರ್ಷಗಳಿವೆ. ಉಳಿತಾಯದ ಡಬ್ಬಿಯನ್ನು ಅಂದೇ ಇಡಬಹುದು.