ಮುಗಿದ ಕೌದಿಯನ್ನು ನೋಡುವ ಬಗೆ



ನಮ್ಮ ಕಡೆ ಕೌದಿ ಇಲ್ಲದ ಮನೆ ಅಪರೂಪ. ಹುಟ್ಟಿದ ಕೂಸನ್ನು ಮಲಗಿಸುವುದು ಕೌದಿಯ ಮೇಲೆ. ಚಳಿಗಾಲದಲ್ಲಿ ಮುದುಕರು ಹೊದೆಯುವುದು ಕೌದಿ. ಬೀಗರು ಬಂದರೆ ಜಗುಲಿಗೆ ಹಾಸಿಕೊಡುವುದೂ ಕೌದಿಯೇ. ಆದರೆ ಕೌದಿಯನ್ನು ಹೊದೆಯುವವರು ಬಹಳ, ನಿಂತು ನೋಡುವವರು ಕಡಿಮೆ. ಕಳೆದ ಸುಗ್ಗಿಯ ನಂತರ ನಮ್ಮ ಮಹಿಳಾ ಮಂಡಳದವರು ತಾವು ಹೊಲಿದು ಮುಗಿಸಿದ ಕೌದಿಗಳನ್ನು ಒಂದೆಡೆ ತಂದು ನೋಡಿದರು. ಆ ದಿನ ನಾನು ಕಂಡು ಕೇಳಿದ ಸಂಗತಿಗಳು ಉಳಿದ ಊರಿನವರಿಗೂ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಊರು ಮುಂಡಗೋಡದ ಕಡೆಯದು. ಅಲ್ಲಿ ಕೌದಿ ಕಲಿಸುವವರು ಊರಿನ ಒಬ್ಬ ಹಿರಿಯ ಹೆಣ್ಣುಮಗಳು. ಎಲ್ಲರೂ ಅವರನ್ನು ‘ಅಕ್ಕೋರು’ ಎಂದೇ ಕರೆಯುವರು. ಈಗ ಅವರ ಕಣ್ಣು ಮಂಜಾಗಿದೆ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳು ಬೇಕು. ಆದ್ದರಿಂದ ತಾವು ಹೊಲಿಯುವುದನ್ನು ಬಿಟ್ಟು ಇತರರಿಗೆ ಕಲಿಸುತ್ತಿದ್ದಾರೆ. ಕೃಷಿ ಡಿಪ್ಲೊಮಾ ಮಾಡಿದ ನನಗೆ ಬೀಜ, ಗೊಬ್ಬರದ ವಿಷಯ ಗೊತ್ತೇ ಹೊರತು ಕೌದಿಯ ಗಂಧವಿರಲಿಲ್ಲ. ಹಗ್ಗ ಕಟ್ಟಿಕೊಡಲೆಂದು ಹೋದವನು ಸಂಜೆಯವರೆಗೂ ಅಲ್ಲೇ ಉಳಿದೆನು.

ಶಾಲೆಯ ಜಗುಲಿಯಲ್ಲಿ 11 ಕೌದಿಗಳನ್ನು ಹಗ್ಗದ ಮೇಲೆ ಹಾಕಿದ್ದರು. ಅಕ್ಕೋರು ಪರೀಕ್ಷೆಯ ಹಾಗೆ ತಪ್ಪು ಹುಡುಕುವರೆಂದು ಎಲ್ಲರಿಗೂ ಅಂಜಿಕೆ. ಅವರು ಮಾತ್ರ ಮೊದಲನೆಯ ಕೌದಿಯ ಬಳಿ ಹೋಗಿ, ಅದನ್ನು ಮಗುಚಿ, ಹಿಂಬದಿಯ ಮೇಲೆ ಬೆರಳಾಡಿಸಿದರು.

“ಮುಂದಿನ ಮಗ್ಗಲು ಮಂದಿಗೆ, ಹಿಂದಿನ ಮಗ್ಗಲು ಹೊಲಿದಾಕಿಗೆ” ಎಂದು ನಕ್ಕರು.

ಹೊಲಿಗೆಯ ಸಾಲು

ಕೌದಿಯ ಹೊಲಿಗೆ ಎಂದರೆ ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಓಡುವ ಸಾದಾ ಹೊಲಿಗೆ. ಮೇಲಿನಿಂದ ನೋಡಿದರೆ ಬಣ್ಣದ ತುಂಡುಗಳು ಕಣ್ಣನ್ನು ಸೆಳೆಯುತ್ತವೆ. ಹೊಲಿಗೆ ಹೇಗಿದೆ ಎಂಬುದು ತಿಳಿಯುವುದು ಹಿಂಬದಿಯಲ್ಲಿ. ಸೂಜಿ ಎಲ್ಲ ಪದರುಗಳನ್ನೂ ಹಿಡಿದಿದೆಯೇ, ಗಂಟುಗಳು ಭದ್ರವಾಗಿವೆಯೇ ಎಂಬುದನ್ನು ಅಲ್ಲಿ ನೋಡಬೇಕು. ಸಾಲಿನಿಂದ ಸಾಲಿಗೆ ಒಂದು ಬೆರಳಿನಷ್ಟು ಅಂತರವಿದ್ದರೆ ಒಳ್ಳೆಯದೆಂದು ಅಕ್ಕೋರು ಹೇಳುತ್ತಾರೆ. ಅಂತರ ಹೆಚ್ಚಾದರೆ ಒಗೆಯುವಾಗ ಒಳಗಿನ ಅರಿವೆ ಸರಿದು ಒಂದು ಕಡೆ ಗಡ್ಡೆ ಕಟ್ಟುವುದು, ಇನ್ನೊಂದು ಕಡೆ ತೆಳ್ಳಗಾಗುವುದು. ಕೌದಿ ಬೆಚ್ಚಗಿರುವುದು ಪದರುಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಪದರು ಸರಿದರೆ ಆ ಬೆಚ್ಚನೆಯೂ ಹೋಗುವುದು.

ಬಟ್ಟೆಯ ಆಯ್ಕೆ

ನಾಲ್ಕನೆಯ ಕೌದಿ ಒಂದು ಕಡೆ ನೆರಿಗೆಗಟ್ಟಿತ್ತು. ಹತ್ತಿಯ ತುಂಡುಗಳ ನಡುವೆ ಒಂದು ಪಾಲಿಯೆಸ್ಟರ್ ಅಂಗಿಯ ತುಂಡು. ಹೊಲಿದ ಮೇಲೆ ಒಗೆದಾಗ ಹೊಸ ಹತ್ತಿ ಬಟ್ಟೆ ಕುಗ್ಗಿತು, ಪಾಲಿಯೆಸ್ಟರ್ ಕುಗ್ಗಲಿಲ್ಲ. ಅದಕ್ಕೇ ಆ ನೆರಿಗೆ. ಹೊಸ ಬಟ್ಟೆಯನ್ನು ಹೊಲಿಯುವ ಮೊದಲೇ ನೀರಿನಲ್ಲಿ ನೆನೆಸಿ, ಒಗೆದು ಒಣಗಿಸಿದರೆ ಈ ತೊಂದರೆ ತಪ್ಪುವುದು. ಬಳಸಿ ಮೆತ್ತಗಾದ ಹತ್ತಿಯ ಸೀರೆ, ಧೋತರಗಳು ಎಲ್ಲಕ್ಕಿಂತ ಉತ್ತಮ. ಅವು ಬೆವರನ್ನು ಹೀರುತ್ತವೆ, ಸೂಜಿಗೂ ಹಗುರ. ಪಾಲಿಯೆಸ್ಟರ್ ಬೆವರು ಹೀರದು. ಒಲೆಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟುವ ಅಪಾಯವೂ ಉಂಟು.

“ತಗದು ಬಿಡ್ಲೇನ್ರಿ ಅಕ್ಕೋರ?” ಎಂದು ಹೊಲಿದವಳು ಕೇಳಿದಳು. ಅದು ಗೋವೆಗೆ ದುಡಿಯಲು ಹೋದ ತಮ್ಮನ ಅಂಗಿಯಂತೆ.

“ತಗೀಬ್ಯಾಡ ತಂಗಿ. ನೆನಪಿನ ತುಂಡು ಮ್ಯಾಲಿರ್ಲಿ. ಮೈಗೆ ತಾಗೂ ಮಗ್ಗಲಿಗೆ ಹತ್ತಿ ಇರ್ಲಿ” ಎಂದರು ಅಕ್ಕೋರು.

ಮೂಲೆಯ ಹೂವು

ಏಳನೆಯದು ಸಿದ್ದಿ ಹೆಣ್ಣುಮಗಳೊಬ್ಬಳು ಹೊಲಿದದ್ದು. ಇದನ್ನು ಅವರು ಕವಂದಿ ಎನ್ನುವರು. ಆಫ್ರಿಕದಿಂದ ಗೋವೆಗೆ ಪೋರ್ಚುಗೀಸರು ಗುಲಾಮರನ್ನಾಗಿ ತಂದವರ ವಂಶದವರು ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡಿನ ಅಂಚಿನ ಊರುಗಳಲ್ಲಿ ನೆಲೆಸಿರುವುದು ನಿಮಗೆ ತಿಳಿದೇ ಇದೆ. ಅವರ ಹೊಲಿಗೆಯ ಕ್ರಮ ಬೇರೆ. ನಾವು ಪದರುಗಳನ್ನು ಹಾಸಿ, ಮೇಲುಹೊದಿಕೆ ಮುಚ್ಚಿ, ಸಾಲು ಹಿಡಿದು ಹೊಲಿಯುತ್ತೇವೆ. ಅವರು ಅಡಿಯ ಬಟ್ಟೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ತುಂಡುಗಳ ಅಂಚನ್ನು ಒಳಗೆ ಮಡಚುತ್ತಾ ಅಂಚಿನ ಸುತ್ತಲೂ ಹೊಲಿದು, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸುವರು. ಕಡೆಗೆ ನಾಲ್ಕು ಮೂಲೆಗಳಿಗೆ ಬಟ್ಟೆಯ ತುಂಡು ಮಡಚಿ ಹೂವು ಹಚ್ಚುವರು. ಹೂವಿಲ್ಲದ ಕವಂದಿ ಬರಿಮೈಯಲ್ಲಿದ್ದಂತೆ ಎಂಬುದು ಅವರ ಮಾತು.

ಅಕ್ಕೋರು ಆ ಹೂವನ್ನು ಬಹಳ ಹೊತ್ತು ಮುಟ್ಟಿ ನೋಡಿದರು. “ಇದನ್ನ ನನಗ ಕಲಿಸ್ತೀಯೇನವಾ?” ಎಂದರು. ಎಲ್ಲರೂ ನಕ್ಕರು, ಅವರು ನಗಲಿಲ್ಲ. ಮರುದಿನವೇ ಮೊಮ್ಮಗಳನ್ನು ಕರೆದುಕೊಂಡು ಅವಳ ಮನೆಗೆ ಹೋದರು.

ಇಂಥ ಸಿದ್ದಿ ಕವಂದಿಗಳನ್ನು 2011ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಸಮುದ್ರದಾಚೆಯ ಜನ ನಿಂತು ನೋಡಿದ್ದನ್ನು ಪಕ್ಕದ ಮನೆಯವರಾದ ನಾವು ನಿಂತು ನೋಡಿರಲಿಲ್ಲ.

ಹನ್ನೆರಡನೆಯ ಕೌದಿ

ಕಲಿತವರು 12 ಮಂದಿ, ಹಗ್ಗದ ಮೇಲಿದ್ದವು 11. ಒಬ್ಬಳು ಬರಿಗೈಯಲ್ಲಿ ಬಂದು ಕಂಬದ ಮರೆಗೆ ಕುಳಿತಿದ್ದಳು. ವಿಚಾರಿಸಿದಾಗ, ಸಾಲು ಸೊಟ್ಟಗಾಗಿವೆ, ನಾಚಿಕೆಯಾಗುತ್ತದೆ ಎಂದಳು. ಹಳೆಯ ಅರಿವೆಗೆ ಸ್ಟೀಲ್ ಪಾತ್ರೆ ಕೊಡುವವನು ಗುರುವಾರ ಬರುವನಿದ್ದ. ಅವನಿಗೆ ಕೌದಿ ಕೊಟ್ಟು ಒಂದು ಡಬ್ಬಿ ಪಡೆಯುವುದೆಂದು ಅವಳು ಮಾತಾಡಿಟ್ಟಿದ್ದಳು. ಅಕ್ಕೋರು ಅದನ್ನು ತರಿಸಿ, ತೊಡೆಯ ಮೇಲೆ ಹರಡಿಕೊಂಡು ಕುಳಿತರು.

“ಇಲ್ಲಿ ನಿದ್ದಿ ಬಂದಿತ್ತಲ್ಲ?”

“ಹೌದ್ರೀ. ಅಡಿಗಿ ಮುಗಿಸಿ ರಾತ್ರಿ ಹೊಲಿತಿದ್ದೆ.”

“ಇಲ್ಲಿ ಎಚ್ಚರಿದ್ದಿ. ಸಾಲು ಸೊಟ್ಟ ಐತಿ, ಖರೆ. ಆದ್ರ ಒಂದರಾಗೂ ಪದರು ಬಿಟ್ಟಿಲ್ಲ. ಇದು ಬಾಳಿಕಿ ಬರ್ತದ.”

ಆಗ ನಾನು ನನ್ನ ಪುಸ್ತಕ ತೆಗೆದು ಲೆಕ್ಕ ಹಾಕಿದೆನು. ಅವಳು ಹೇಳಿದಂತೆ ರಾತ್ರಿಗೆ 3 ಗಂಟೆಯ ಹಾಗೆ 16 ರಾತ್ರಿ. ಅಂದರೆ 48 ಗಂಟೆ. ದಿನಕ್ಕೆ 8 ಗಂಟೆಯ ಕೂಲಿ ಹಿಡಿದರೆ ಪೂರಾ 6 ದಿನದ ಕೂಲಿ. ದಾರದ ಖರ್ಚು ಬೇರೆ. ಆ ಡಬ್ಬಿಗೆ ಒಂದು ದಿನದ ಕೂಲಿಯೂ ಬೀಳದು. ಲೆಕ್ಕ ಕೇಳಿ ಅವಳಿಗಿಂತ ಉಳಿದವರೇ ಹೆಚ್ಚು ಸುಮ್ಮನಾದರು. ಏಕೆಂದರೆ ಹಿಂದೆ ಹೀಗೆ ಕೌದಿ ಕೊಟ್ಟವರು ಅವರಲ್ಲಿ ಮೂವರಿದ್ದರು. ಗುರುವಾರ ಪಾತ್ರೆಯವನಿಗೆ ಎರಡು ಹರಿದ ಸೀರೆ ಸಿಕ್ಕವು. ಕೌದಿ ಮನೆಯಲ್ಲೇ ಉಳಿಯಿತು.

ನೀವೂ ಮಾಡಿರಿ

ಈ ಕೆಲಸಕ್ಕೆ ಹಣ ಬೇಕಿಲ್ಲ, ಒಂದು ಹಗ್ಗ ಮತ್ತು ಒಂದು ಮಧ್ಯಾಹ್ನ ಸಾಕು. ಸುಗ್ಗಿ ಮುಗಿದು ಬಿಸಿಲಿರುವಾಗ ನಿಮ್ಮ ಊರಿನ ಕೌದಿಗಳನ್ನು ಒಂದೆಡೆ ಹಾಕಿರಿ. ಹೇಗೂ ಬಿಸಿಲಿಗೆ ಹಾಕಲೇಬೇಕು. ತೇವ ಆರುವುದು, ಮುಗ್ಗಲು ವಾಸನೆ ಹೋಗುವುದು. ನೋಡುವಾಗ ಮೊದಲು ಹಿಂಬದಿಯನ್ನು ನೋಡಿರಿ. ಒಳ್ಳೆಯದನ್ನು ಮೊದಲು ಹೇಳಿ, ತಪ್ಪನ್ನು ಆಮೇಲೆ ತಿಳಿಸಿರಿ. ಪ್ರತಿಯೊಬ್ಬರೂ ಎಷ್ಟು ದಿನ, ಎಷ್ಟು ಗಂಟೆ ಹೊಲಿದರೆಂದು ಬರೆದಿಡಿರಿ. ಮಾರುವ ಕಾಲ ಬಂದರೆ ಬೆಲೆ ಹೇಳಲು ಅದೇ ಆಧಾರ. ತಮಗಿಂತ ಕಿರಿಯಳ ಕೈಯಲ್ಲಿ ಹೊಸದೊಂದು ಕಂಡರೆ ಅಕ್ಕೋರಂತೆ ಕೇಳಿ ಕಲಿಯಿರಿ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ಹಿರಿಯರು ಹೇಳಿದ್ದಾರೆ. ತುಂಡುಗೂಡಿ ಕೌದಿಯಾದದ್ದು ನಮ್ಮ ಮನೆಯಲ್ಲೇ ಇದೆ. ಇಂದು ರಾತ್ರಿ ಹೊದೆಯುವ ಮೊದಲು ಒಮ್ಮೆ ಮಗುಚಿ ನೋಡಿರಿ. ಅದನ್ನು ಹೊಲಿದವರು ಮನೆಯಲ್ಲಿದ್ದರೆ ಎಷ್ಟು ರಾತ್ರಿ ಹಿಡಿಯಿತೆಂದು ಕೇಳಿರಿ.