ಕೋಲುಮಂಡೆ ರ‍್ಯಾಪ್ ಆದಾಗ: ಕೆಲವೇ ದಿನ ಬದುಕಿದ ಒಂದು ಹಾಡಿನ ಕತೆ



ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹುಡುಗರು ಮತ್ತೆ ಮತ್ತೆ ಕೇಳೋ ಒಂದು ಪ್ರಶ್ನೆ ಇದೆ. "ಬ್ರೋ, ನಮ್ಮ ಕಡೆ ದೇವರ ಪದನ ಬೀಟ್‌ಗೆ ಹಾಕಿ ರ‍್ಯಾಪ್ ಮಾಡಬಹುದಾ? ಕೇಸ್ ಬೀಳುತ್ತಾ?" ಇದಕ್ಕೆ ಒಂದು ಸಾಲಲ್ಲಿ ಉತ್ತರ ಹೇಳಿದ್ರೆ ಅದು ಸುಳ್ಳಾಗುತ್ತೆ. ಅದಕ್ಕೇ ಇವತ್ತು ಒಂದು ಹಾಡನ್ನೇ ಹಿಡ್ಕೊಂಡು ಮಾತಾಡೋಣ.

2020ರ ಆಗಸ್ಟ್, ಗಣೇಶ ಹಬ್ಬದ ಸಮಯ. ಕೋವಿಡ್ ಕಾರಣ ಆರ್ಕೆಸ್ಟ್ರಾ ಇಲ್ಲ, ಮೆರವಣಿಗೆ ಇಲ್ಲ, ಎಲ್ಲರ ಕೈಯಲ್ಲೂ ಫೋನು. ಆಗ ಚಂದನ್ ಶೆಟ್ಟಿ ಅವರ 'ಕೋಲುಮಂಡೆ' ಆನಂದ್ ಆಡಿಯೋ ಯೂಟ್ಯೂಬ್ ಚಾನೆಲ್‌ನಲ್ಲಿ ಬಂತು. ಚಂದನ್ ಯಾರು ಅಂತ ಹೇಳೋದು ಬೇಡ ಅನ್ಸುತ್ತೆ. ಹಾಸನ ಜಿಲ್ಲೆಯವರು, 2017ರಲ್ಲಿ '3 ಪೆಗ್' ಹಾಡಿನಿಂದ ಮನೆಮಾತಾದವರು, 2018ರ ಜನವರಿಯಲ್ಲಿ ಬಿಗ್ ಬಾಸ್ ಐದನೇ ಸೀಸನ್ ಗೆದ್ದವರು. ಕನ್ನಡದಲ್ಲಿ ರ‍್ಯಾಪ್ ಅನ್ನೋದು ಮದುವೆ ಮನೆ ಡಿಜೆವರೆಗೂ ಬಂದಿದ್ರಲ್ಲಿ ಅವರ ಪಾಲು ದೊಡ್ಡದು. ಇಷ್ಟ ಪಡಿ, ಬಿಡಿ, ಅದನ್ನ ಒಪ್ಕೋಬೇಕು.

ಹಾಡು ಲಕ್ಷಗಟ್ಟಲೆ ಜನರನ್ನ ತಲುಪ್ತು. ಜೊತೆಗೇ ಆಕ್ಷೇಪವೂ ಬಂತು. ಮಲೆ ಮಹದೇಶ್ವರನ ಒಕ್ಕಲು, ಚಾಮರಾಜನಗರ–ಮೈಸೂರು–ಮಂಡ್ಯ ಸೀಮೆಯ ಭಕ್ತರು ಹೇಳಿದ್ದು ಎರಡು ಮಾತು: ಒಂದು, ದೇವರ ಪದವನ್ನ ತಿರುಚಿದ್ದಾರೆ. ಎರಡು, ಶರಣೆ ಸಂಕಮ್ಮನನ್ನ ಅಸಭ್ಯವಾಗಿ ತೋರಿಸಿದ್ದಾರೆ. ಚಂದನ್ ಕ್ಷಮೆ ಕೇಳಿದ್ರು. ಕೆಲವೇ ದಿನದಲ್ಲಿ ವಿಡಿಯೊ ಯೂಟ್ಯೂಬ್‌ನಿಂದ ಇಳೀತು.

ಸುದ್ದಿ ಇಲ್ಲಿಗೆ ಮುಗೀತು. ನನಗೆ ಕತೆ ಇಲ್ಲಿಂದ ಶುರುವಾಗುತ್ತೆ.

ಯಾಕಂದ್ರೆ ಈ ಪದ ಮೊದಲ ಸಲ ಗುಡಿಯ ಅಂಗಳ ಬಿಟ್ಟು ಹೊರಗೆ ಬಂದಿದ್ದು 2020ರಲ್ಲಿ ಅಲ್ಲ. 1996ರಲ್ಲಿ ಟಿ.ಎಸ್. ನಾಗಾಭರಣ ಅವರ 'ಜನುಮದ ಜೋಡಿ' ಬಂತು, ಶಿವರಾಜ್‌ಕುಮಾರ್ ನಾಯಕ, ವಿ. ಮನೋಹರ್ ಸಂಗೀತ. ಅದರಲ್ಲಿ 'ಕೋಲುಮಂಡೆ ಜಂಗಮದೇವ' ಇತ್ತು. ಹಾಡಿದ್ದು ಎಲ್.ಎನ್. ಶಾಸ್ತ್ರಿ. ಆ ಹಾಡಿಗೇ ಅವರಿಗೆ ಆ ವರ್ಷದ ಅತ್ಯುತ್ತಮ ಗಾಯಕ ರಾಜ್ಯ ಪ್ರಶಸ್ತಿ ಬಂತು. ಇವತ್ತಿಗೂ ಊರ ಹಬ್ಬದ ಮೈಕಲ್ಲಿ ಅದು ಬರುತ್ತೆ, ಯಾರೂ ಬೇಡ ಅನ್ನಲ್ಲ. ಅಂದ್ರೆ "ದೇವರ ಪದನ ಸಿನಿಮಾಕ್ಕೆ ತರಬಾರದು" ಅನ್ನೋ ಕಟ್ಟಳೆ ನಮ್ಮ ಜನಕ್ಕೆ ಇರಲಿಲ್ಲ. ಹಾಗಾದ್ರೆ 2020ರಲ್ಲಿ ಏನು ಬೇರೆ ಆಯ್ತು?

ಇದಕ್ಕೆ ಸಂಕಮ್ಮನ ಕತೆ ಗೊತ್ತಿರಬೇಕು. ಗೊತ್ತಿರೋರು ಒಂದು ನಿಮಿಷ ತಡ್ಕೊಳಿ, ಬೆಂಗಳೂರಲ್ಲಿ ಹುಟ್ಟಿ ಬೆಳೆದ ಕೇಳುಗರೂ ಇದ್ದಾರೆ.

ಮಾದೇಶ್ವರನ ಕಾವ್ಯ ಒಂದು ರಾತ್ರಿಗೆ ಮುಗಿಯೋದಲ್ಲ. ಅದನ್ನ ಸಾಲು ಸಾಲಾಗಿ ಹಾಡ್ತಾರೆ. ಇಲ್ಲಿ ಸಾಲು ಅಂದ್ರೆ ಲೈನ್ ಅಲ್ಲ, ಒಂದು ಇಡೀ ಅಧ್ಯಾಯ. ಅದರಲ್ಲಿ ಒಂದು ಸಂಕಮ್ಮನ ಸಾಲು. ಗಂಡ ನೀಲೇಗೌಡ ಕಾಡಿಗೆ ಹೊರಟಿದ್ದಾನೆ. ಮಕ್ಕಳಿಲ್ಲದ ಹೆಂಡತಿ ಮನೇಲಿ ಒಬ್ಬಳೇ. ಅವನಿಗೆ ಅನುಮಾನ. ನಾನು ಬರೋ ತನಕ ಪರಪುರುಷರನ್ನ ನೋಡಲ್ಲ ಅಂತ ಭಾಷೆ ಕೊಡು ಅಂತಾನೆ. ಸಂಕಮ್ಮ ಕೊಡಲ್ಲ. ತಪ್ಪು ಮಾಡಿಲ್ಲದ ಮೇಲೆ ಭಾಷೆ ಯಾಕೆ ಕೊಡಲಿ ಅನ್ನೋದು ಅವಳ ನಿಲುವು. ಅವನು ಹಿಂಸೆ ಕೊಡ್ತಾನೆ, ಕೈಕಾಲು ಕಟ್ಟಿ, ಗುಡ್ಲಲ್ಲಿ ಕೂಡಿ, ಸುತ್ತ ಮುಳ್ಳು ಹಾಕಿ ಹೊರಟು ಹೋಗ್ತಾನೆ. ವಿವರಗಳು ಹಾಡುವವರಿಂದ ಹಾಡುವವರಿಗೆ ಬದಲಾಗುತ್ತೆ, ಆದ್ರೆ ಈ ನಡು ಬದಲಾಗಲ್ಲ. ಆಮೇಲೆ ಮಾದಪ್ಪ ಜಂಗಮನ ವೇಷದಲ್ಲಿ ಭಿಕ್ಷೆಗೆ ಬರ್ತಾನೆ. ಅವಳ ಕಟ್ಟು ಬಿಚ್ಚುತ್ತಾನೆ, ಮಕ್ಕಳ ವರ ಕೊಡ್ತಾನೆ. ಹಾಗೆ ಹುಟ್ಟಿದವರೇ ಕಾರಯ್ಯ, ಬಿಲ್ಲಯ್ಯ.

ಈಗ ಇದನ್ನ ಒಂದು ಪಾರ್ಟಿ ಹಾಡಿನ ಚೌಕಟ್ಟಿಗೆ ಹಾಕಿ ನೋಡಿ. ಒಬ್ಬಳೇ ಇರೋ ಹೆಂಗಸಿನ ಮನೆ ಬಾಗಿಲಿಗೆ ಒಬ್ಬ ಗಂಡಸು ಬರ್ತಾನೆ, ಸುತ್ತ ಕುಣಿತ. ಕತೆ ಗೊತ್ತಿಲ್ಲದವರಿಗೆ ಏನು ಅರ್ಥ ಆಗುತ್ತೆ? ನೀಲೇಗೌಡ ಪಟ್ಟ ಅನುಮಾನವೇ ಅರ್ಥ ಆಗುತ್ತೆ! ಭಕ್ತರ ಆಕ್ಷೇಪವನ್ನ "ಸೆಂಟಿಮೆಂಟ್" ಅಂತ ಪಕ್ಕಕ್ಕೆ ತಳ್ಳಿದವರಿಗೆ ಈ ಸೂಕ್ಷ್ಮ ಕಾಣಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಉಡುಗೆ ಉದ್ದವೋ ಗಿಡ್ಡವೋ ಅನ್ನೋದು ನನಗೆ ಅಷ್ಟು ಮುಖ್ಯ ಅಲ್ಲ. ಅನುಮಾನಕ್ಕೆ ತಲೆಬಾಗದ ಹೆಂಗಸಿನ ಕತೆ ಅದು. ವಿಡಿಯೊ ಅವಳನ್ನ ಮತ್ತೆ ಅನುಮಾನದ ಕಣ್ಣಿಗೇ ಒಡ್ಡಿತು. ಬೇಕು ಅಂತ ಮಾಡಿದ್ದಲ್ಲ ಅಂತ ಚಂದನ್ ಹೇಳಿದ್ರು, ನಂಬ್ತೀನಿ. ಮೂರು–ನಾಲ್ಕು ನಿಮಿಷದ ವಿಡಿಯೊದಲ್ಲಿ ನಾಯಕಿ ಅಂದ್ರೆ ಕುಣಿಯೋಳು ಅನ್ನೋ ಅಭ್ಯಾಸ ಎಷ್ಟು ಗಟ್ಟಿ ಅಂದ್ರೆ, ಯಾರೂ ಕೂತು ಯೋಚಿಸದೇ ಇದ್ರೂ ಅದು ತಾನಾಗೇ ಆಗಿಬಿಡುತ್ತೆ.

ಇನ್ನೊಂದು ಮಾತು. "ಜನಪದವೇ ನಮ್ಮ ರ‍್ಯಾಪ್, ಹೊಸದೇನಿಲ್ಲ" ಅನ್ನೋ ಡೈಲಾಗ್ ಆವಾಗಾವಾಗ ಕೇಳ್ತೀವಿ. ಅರ್ಧ ನಿಜ. ದೇವರಗುಡ್ಡರು ಹಾಡುವಾಗ ಗಮನಿಸಿ: ಮುಂದಾಳು ಕತೆ ನಡೆಸ್ತಾನೆ, ಹಿಮ್ಮೇಳದವರು ಒಂದು ಸೊಲ್ಲನ್ನ ಹಿಡಿದು ಮತ್ತೆ ಮತ್ತೆ ಎತ್ತಿ ಕೊಡ್ತಾರೆ. ತಂಬೂರಿ ಶ್ರುತಿ ನಿಲ್ಲಲ್ಲ, ಕಂಸಾಳೆ ತಾಳ ತಪ್ಪಲ್ಲ. ನಡುವೆ ಹಾಡು ನಿಲ್ಲಿಸಿ ಲಯದಲ್ಲೇ ಮಾತಾಡ್ತಾ ಕತೆ ಮುಂದಕ್ಕೆ ತಳ್ಳೋ ಭಾಗ ಇರುತ್ತೆ. ಅದನ್ನ ಕೇಳಿದ್ರೆ ಹುಕ್ಕು, ವರ್ಸು, ಬೀಟು ಎಲ್ಲ ಕಾಣುತ್ತೆ, ಸರಿ. ಆದ್ರೆ ಗುಡ್ಡ ಆಗೋದು ಅಂದ್ರೆ ದೀಕ್ಷೆ. ಕೊರಳಿಗೆ ರುದ್ರಾಕ್ಷಿ, ಹರಕೆ, ಮನೆ ಮನೆ ಭಿಕ್ಷೆ. ಹಾಡು ಅಲ್ಲಿ ಕಲೆಯೂ ಹೌದು, ಕರ್ತವ್ಯವೂ ಹೌದು. ಸ್ಟುಡಿಯೊದಲ್ಲಿ ಬರೀ ಕಲೆ ಮಾತ್ರ ಬರುತ್ತೆ. ಆ ಇನ್ನರ್ಧ ಹೊರಗೇ ಉಳಿಯುತ್ತೆ. ಶಿವರಾತ್ರಿಗೆ ನಮ್ಮ ಕಡೆಯಿಂದ ಸತ್ತೇಗಾಲದ ಹತ್ತಿರ ಕಾವೇರಿ ದಾಟಿ, ಕೊಳ್ಳೇಗಾಲ, ಹನೂರು, ತಾಳುಬೆಟ್ಟ ಅಂತ ನಡ್ಕೊಂಡು ಹೋಗೋರ ಜೊತೆ ಒಂದು ದಿನ ಹೆಜ್ಜೆ ಹಾಕಿದ್ರೆ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತೆ.

ಸರಿ, ಈಗ ಕೇಸ್ ವಿಚಾರ. ನಾನು ಓದಿದ್ದು ಬಿ.ಕಾಂ, ಹಾಗಾಗಿ ದುಡ್ಡು ಯಾವ ದಾರೀಲಿ ಹೋಯ್ತು ಅಂತ ನೋಡೋದು ರೋಗ.

ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ, ಬರೆದವರು ಯಾರು ಅಂತ ಇಲ್ಲದ ಪದಕ್ಕೆ ಮಾಲೀಕರಿಲ್ಲ. ಕೋಲುಮಂಡೆಯ ಮೂಲ ಪದ ಯಾರದ್ದೂ ಅಲ್ಲ, ಎಲ್ಲರದ್ದು. ಆದ್ರೆ ಅದನ್ನ ಯಾರೋ ರೆಕಾರ್ಡ್ ಮಾಡಿದ ಕ್ಷಣ, ಆ ರೆಕಾರ್ಡಿಂಗ್‌ಗೆ ಮಾಲೀಕ ಹುಟ್ಕೋತಾನೆ, ಪ್ರಕಟವಾದ ಮೇಲೆ 60 ವರ್ಷ. ಅಂದ್ರೆ ನೀವೇ ಹಾಡಿದ್ರೆ ತೊಂದರೆ ಇಲ್ಲ. ಹಳೇ ಕ್ಯಾಸೆಟ್‌ನಿಂದ ಕತ್ತರಿಸಿ ಬೀಟ್ ಕೆಳಗೆ ಇಟ್ಟರೆ ಆಡಿಯೊ ಕಂಪನಿ ಕೇಳಬಹುದು.

ಹಾಡಿದವರಿಗೆ? ಇಲ್ಲೇ ಹೊಟ್ಟೆ ಉರಿಯೋದು. ಹಾಡೋ ಕಲಾವಿದರಿಗೆ, ಅಂದ್ರೆ ಪರ್ಫಾರ್ಮರ್‌ಗೆ, ಈ ಕಾಯ್ದೆಯಲ್ಲಿ ಹಕ್ಕು ಅಂತ ಬಂದಿದ್ದೇ 1994ರ ತಿದ್ದುಪಡಿಯಲ್ಲಿ, ಜಾರಿಗೆ ಬಂದಿದ್ದು 1995ರಲ್ಲಿ. ಆಗ 25 ವರ್ಷ ಅಂತಿತ್ತು, 1999ರಲ್ಲಿ 50 ಮಾಡಿದ್ರು. ವಾಣಿಜ್ಯ ಬಳಕೆಗೆ ರಾಯಲ್ಟಿ ಸಿಗಬೇಕು ಅನ್ನೋ ಮಾತು ಸೇರಿದ್ದು 2012ರಲ್ಲಿ. ಈ ಇಸವಿಗಳನ್ನ ಕ್ಯಾಸೆಟ್ ಕಾಲದ ಪಕ್ಕ ಇಟ್ಟು ನೋಡಿ. ಮಳವಳ್ಳಿ ಮಹದೇವಸ್ವಾಮಿ ಅವರಂಥ ತಂಬೂರಿ ಹಾಡುಗಾರರ ದನಿ ನಮ್ಮ ಸೀಮೆಯ ಮನೆ ಮನೆಗೆ ಹೋಗಿದ್ದೇ ಕ್ಯಾಸೆಟ್‌ನಿಂದ. 1995ಕ್ಕೆ ಮುಂಚೆ ಮೈಕಿನ ಮುಂದೆ ಕೂತು ರಾತ್ರಿಯಿಡೀ ಹಾಡಿದ ಯಾವ ಕಲಾವಿದರಿಗೂ, ಆವತ್ತು ಕೈಗೆ ಬಂದ ಸಂಭಾವನೆ ಬಿಟ್ಟರೆ, ಕಾನೂನು ಕೊಟ್ಟ ಹಕ್ಕು ಅಂತ ಏನೂ ಇರಲಿಲ್ಲ. ಅದೇ ಹಾಡು ಇವತ್ತು ಯೂಟ್ಯೂಬ್‌ನಲ್ಲಿ ಜಾಹೀರಾತಿನ ಜೊತೆ ಓಡುತ್ತೆ.

2020ರಲ್ಲಿ ಟಿವಿ ಡಿಬೇಟ್‌ಗಳಲ್ಲಿ ಕೂಗಾಡಿದವರು ಇದೊಂದನ್ನ ಕೇಳಿದ್ದು ನನಗಂತೂ ಕಾಣಲಿಲ್ಲ. ಸಂಕಮ್ಮನ ಮಾನದ ಬಗ್ಗೆ ಮಾತು ಬಂತು, ಬರಬೇಕಿತ್ತು. ಸಂಕಮ್ಮನನ್ನ ಇಷ್ಟು ಕಾಲ ನಾಲಿಗೆ ಮೇಲೆ ಉಳಿಸ್ಕೊಂಡವರ ಪಾಲಿನ ಬಗ್ಗೆ ಬರಲಿಲ್ಲ.

ಹೊರದೇಶದಲ್ಲಿ ಇದೇ ಜಗಳ ಹೇಗೆ ನಡೀತು ಅಂತ ಸ್ವಲ್ಪ ನೋಡೋಣ, ಯಾಕಂದ್ರೆ ಹಿಪ್‌ಹಾಪ್ ಹುಟ್ಟಿದ್ದೇ ಬೇರೆಯವರ ರೆಕಾರ್ಡ್ ತಿರುಗಿಸಿ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಕೊಂಡು, ಕುಣಿಯೋಕೆ ಚೆನ್ನಾಗಿರೋ ತುಂಡನ್ನ ಮತ್ತೆ ಮತ್ತೆ ಬಾರಿಸಿದ. 1979ರಲ್ಲಿ 'ರ‍್ಯಾಪರ್ಸ್ ಡಿಲೈಟ್' ಬಂದಾಗ ಅದರ ಕೆಳಗಿದ್ದಿದ್ದು ಶೀಕ್ ಬ್ಯಾಂಡಿನ 'ಗುಡ್ ಟೈಮ್ಸ್' ಹಾಡಿನ ಲಯ. ಆ ಹಾಡು ಬರೆದವರು ತಕರಾರು ತೆಗೆದು ತಮ್ಮ ಹೆಸರು ಹಾಕಿಸ್ಕೊಂಡ್ರು.

ಆಮೇಲೆ 1989ರಲ್ಲಿ ಡೆ ಲಾ ಸೋಲ್ ಅನ್ನೋ ಮೂವರು ಹುಡುಗರ 'ತ್ರೀ ಫೀಟ್ ಹೈ ಅಂಡ್ ರೈಸಿಂಗ್' ಆಲ್ಬಂ. ನಿರ್ಮಾಪಕ ಪ್ರಿನ್ಸ್ ಪಾಲ್. ಮನೇಲಿ ಅಪ್ಪ ಅಮ್ಮ ಕೇಳ್ತಿದ್ದ ಹಳೇ ರೆಕಾರ್ಡ್‌ಗಳು, ಮಕ್ಕಳ ಹಾಡು, ಭಾಷೆ ಕಲಿಸೋ ರೆಕಾರ್ಡ್, ಎಲ್ಲ ತುಂಡು ತುಂಡು ಸೇರಿಸಿ ಹೊಲಿದ ಕೌದಿ ಥರ. ಗನ್ನು, ಚಿನ್ನದ ಸರ ಇಲ್ಲದೇನೂ ರ‍್ಯಾಪ್ ಇರಬಹುದು ಅಂತ ತೋರಿಸಿದ ಆಲ್ಬಂ ಅದು. ವಿಮರ್ಶಕರು ಕೊಂಡಾಡಿದ್ರು. ಆದ್ರೆ ಒಂದು ಚಿಕ್ಕ ತುಂಡಿಗೆ ಅರವತ್ತರ ದಶಕದ ಟರ್ಟಲ್ಸ್ ಬ್ಯಾಂಡಿನವರು ಕೇಸ್ ಹಾಕಿದ್ರು, ಕೋರ್ಟ್ ಹೊರಗೆ ರಾಜಿ ಆಯ್ತು. ಎರಡು ವರ್ಷದ ನಂತರ, 1991ರಲ್ಲಿ, ಬಿಜ್ ಮಾರ್ಕಿ ಅನ್ನೋ ರ‍್ಯಾಪರ್ ಮೇಲೆ ಗಿಲ್ಬರ್ಟ್ ಓ'ಸಲಿವನ್ ಹಾಕಿದ ಕೇಸಲ್ಲಿ ಕೋರ್ಟ್ ಖಡಾಖಂಡಿತ ತೀರ್ಪು ಕೊಟ್ಟಿತು, ಆ ಆಲ್ಬಂ ಅಂಗಡಿಯಿಂದ ವಾಪಸ್ ಬಂತು. ಬಿಜ್ ಮಾರ್ಕಿ 1993ರ ಮುಂದಿನ ಆಲ್ಬಂಗೆ 'ಆಲ್ ಸ್ಯಾಂಪಲ್ಸ್ ಕ್ಲಿಯರ್ಡ್!' ಅಂತ ಹೆಸರಿಟ್ಟ, ಎಲ್ಲಕ್ಕೂ ಒಪ್ಪಿಗೆ ತಗೊಂಡಿದ್ದೀನಪ್ಪ ಅಂತ. ನಗು ಬರುತ್ತೆ, ಆದ್ರೆ ಅಲ್ಲಿಂದಾಚೆಗೆ ಒಪ್ಪಿಗೆ ಇಲ್ಲದೆ ಸ್ಯಾಂಪಲ್ ಮಾಡೋ ಕಾಲ ಮುಗೀತು.

ಡೆ ಲಾ ಸೋಲ್ ಆಲ್ಬಂಗೆ ಆಗಿದ್ದು ಇನ್ನೂ ವಿಚಿತ್ರ. ಹಳೇ ಒಪ್ಪಂದಗಳು ರೆಕಾರ್ಡ್, ಕ್ಯಾಸೆಟ್ ಕಾಲಕ್ಕೆ ಬರೆದಿದ್ದು. ಸ್ಟ್ರೀಮಿಂಗ್ ಬಂದಾಗ ಆ ಕಾಗದ ಸಾಲದೇ ಹೋಯ್ತು. ನಮ್ಮ ಥರದವರು ಫೋನಲ್ಲಿ ಅದನ್ನ ಸಲೀಸಾಗಿ ಕೇಳೋ ಹಾಗೆ ಆಗಿದ್ದು 2023ರ ಮಾರ್ಚ್ 3ಕ್ಕೆ. ಮೂವರಲ್ಲಿ ಒಬ್ಬ, ಟ್ರೂಗಾಯ್, ಅದಕ್ಕೆ ಮೂರು ವಾರ ಮುಂಚೆ ತೀರಿಕೊಂಡಿದ್ದ.

ಅಲ್ಲಿನ ಜಗಳ ಎಲ್ಲ ಮಾಲೀಕತ್ವದ್ದು: ಇದು ನನ್ನದು, ದುಡ್ಡು ಕೊಡು. ನಮ್ಮದು ಹಾಗಲ್ಲ. ಕೋಲುಮಂಡೆಗೆ ಮಾಲೀಕನೇ ಇಲ್ಲ, ಆದ್ರೂ ಲಕ್ಷಾಂತರ ಜನ "ಇದು ನಮ್ಮದು" ಅಂದ್ರು. ಕೋರ್ಟಲ್ಲಿ ಗೆಲ್ಲಬಹುದಾದ ಹಾಡು ಊರಲ್ಲಿ ಸೋಲ್ತು. ಬ್ರೋಧಾ ವಿ 2012ರಲ್ಲಿ 'ಆತ್ಮ ರಾಮ' ಮಾಡಿದಾಗಲೂ ಭಜನೆಯನ್ನೇ ಹುಕ್ ಮಾಡಿದ್ದು, ಸುತ್ತ ಇಂಗ್ಲಿಷ್ ರ‍್ಯಾಪ್. ಅಲ್ಲಿ ಭಜನೆ ಭಜನೆಯಾಗೇ ಉಳೀತು, ರ‍್ಯಾಪರ್ ತನ್ನ ಪಾಡು ತಾನು ಹೇಳ್ಕೊಂಡ. ಮಾಡೋ ರೀತಿ ಅಂತ ಒಂದಿದೆ ಅನ್ನೋಕೆ ಇದನ್ನ ಹೇಳಿದೆ.

ವಿಡಿಯೊ ಇಳಿಸಿದ್ದು ಸರಿಯಾ? ಕ್ಷಮೆ ಸರಿ. ದೃಶ್ಯ ತಿದ್ದೋದು ಸರಿ. ಆದ್ರೆ ಅಷ್ಟು ಬೇಗ ಎಲ್ಲ ಮುಚ್ಚಿಹೋಗಿದ್ರಿಂದ ಆಮೇಲೆ ಬಂದ ಹುಡುಗರಿಗೆ ಉಳಿದಿದ್ದು "ದೇವರ ಪದ ಮುಟ್ಟಬೇಡಿ" ಅನ್ನೋ ಭಯ ಒಂದೇ. ಅದು ನಷ್ಟ. ಹೆಬ್ಬಣಿ ಮಾದಯ್ಯ ಹಾಡಿದ ಮಾದೇಶ್ವರ ಕಾವ್ಯವನ್ನ ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ್ರು, 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಅದರ ಇಂಗ್ಲಿಷ್ ಅನುವಾದವೂ ಬಂತು. ಆ ಪುಸ್ತಕದ ಮೇಲೆ ಹಾಡಿದವರ ಹೆಸರಿದೆ ನೋಡಿ. ಓದೋಕೆ ಸಿಕ್ಕರೆ ಸಂಕಮ್ಮನ ಭಾಗ ಮೊದಲು ಓದಿ. ಒಬ್ಬ ಹುಡುಗಿ ಅವಳ ಬಾಯಲ್ಲೇ, ಭಾಷೆ ಕೊಡಲ್ಲ ಅನ್ನೋ ಜಾಗದಿಂದ ರ‍್ಯಾಪ್ ಬರೆದ್ರೆ ಹೇಗಿರುತ್ತೆ ಅಂತ ನನಗೆ ತುಂಬ ಕುತೂಹಲ.

ಕೊನೇದಾಗಿ, ನಿಮ್ಮಲ್ಲಿ ಕೆಲವರ ಫೋನಲ್ಲಿ ತಾತ ತಂಬೂರಿ ಹಿಡಿದು ಹಾಡಿದ ರೆಕಾರ್ಡಿಂಗ್ ಇರುತ್ತೆ, ಅದನ್ನೇ ಬಳಸ್ತೀವಿ ಅಂತೀರ. ಬಳಸಿ. ಮೊದಲು ತಾತನಿಗೆ ಬೀಟ್ ಕೇಳಿಸಿ, ಯಾವ ಸಾಲು ಎಲ್ಲಿ ಬರುತ್ತೆ ಅಂತ ತೋರಿಸಿ, ಬೇಡ ಅಂದ ಕಡೆ ತೆಗೀರಿ. ಒಪ್ಪಿದ್ರೆ ಒಂದು ಹಾಳೆ ಮೇಲೆ ಬರೆದು ಸಹಿ ತಗೊಳಿ, ಮನೆಯವರೇ ಆದ್ರೂ. ಹಾಡು ಅಪ್‌ಲೋಡ್ ಮಾಡುವಾಗ "ವಿಶೇಷ ಧನ್ಯವಾದ" ಅಂತ ಕೆಳಗೆಲ್ಲೋ ಹಾಕೋದು ಬೇಡ. ಕಲಾವಿದರ ಹೆಸರು ಕೇಳೋ ಜಾಗದಲ್ಲೇ ತಾತನ ಹೆಸರು ಬರೀರಿ, ದುಡ್ಡು ಹಂಚೋ ಕಡೆ ಅವರ ಪಾಲು ಎಷ್ಟು ಅಂತ ಅವರ ಮುಂದೆ ಕೂತೇ ತುಂಬಿ.