ಹೊಸ ಲಸಿಕೆ ಮತ್ತು ಜನಸಮ್ಮತಿ: ಕೋಲಾರ ಸೀಮೆಯ ನೆಲೆಯಲ್ಲಿ ಒಂದು ವಿವೇಚನೆ

ಸಾಂಕ್ರಾಮಿಕ ರೋಗವೊಂದು ಹಬ್ಬಿರುವಾಗ ಹೊಸದಾಗಿ ಸಿದ್ಧವಾದ ಲಸಿಕೆಯನ್ನು ಹಾಕಿಸಿಕೊಳ್ಳುವಿರಾ ಎಂದು ಜನರನ್ನು ಕೇಳಿದಾಗ ಬರುವ ಉತ್ತರಗಳನ್ನು ಎರಡು ರಾಶಿಗಳಾಗಿ ವಿಂಗಡಿಸುವುದು ವಾಡಿಕೆ. ಒಪ್ಪಿದವರನ್ನು ತಿಳಿವಳಿಕೆಯುಳ್ಳವರೆಂದೂ ಒಪ್ಪದವರನ್ನು ಮೂಢನಂಬಿಕೆಗೆ ಒಳಗಾದವರೆಂದೂ ಗುರುತಿಸುವುದುಂಟು. ಈ ಎರಡು ರಾಶಿಗಳಿಗೂ ಸೇರದ ಮೂರನೆಯ ಉತ್ತರವೊಂದು ಕನ್ನಡ ನಾಡಿನಲ್ಲಿ ಬಹು ಪರಿಚಿತವಾದುದು. ಅದು ‘ನೋಡೋಣ’ ಎಂಬುದು. ಕೋಲಾರದ ಗಡಿಭಾಗದಲ್ಲಿ ತೆಲುಗು ಮನೆಮಾತಿನವರು ‘ಚೂದ್ದಾಂ’ ಎನ್ನುವುದೂ ಇದನ್ನೇ. ಈ ಉತ್ತರವು ನಿರಾಕರಣೆಯೂ ಅಲ್ಲ, ಸಮ್ಮತಿಯೂ ಅಲ್ಲ. ಕೊಡುತ್ತಿರುವವರು ಯಾರು, ಮೊದಲು ಹಾಕಿಸಿಕೊಂಡವರಿಗೆ ಏನಾಯಿತು, ತೊಂದರೆಯಾದರೆ ನೋಡಿಕೊಳ್ಳುವವರು ಯಾರು ಎಂಬ ಮರುಪ್ರಶ್ನೆಗಳು ಅದರಲ್ಲಿ ಅಡಗಿವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಈ ಮರುಪ್ರಶ್ನೆಗಳ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೧. ದಾಕಿನಿಂದ ಪ್ಲೇಗಿನ ಸೂಜಿಯವರೆಗೆ

ಹೊಸ ಲಸಿಕೆಯ ಎದುರು ಹಿಂಜರಿಯುವುದು ಈ ನಾಡಿಗೆ ಹೊಸತಲ್ಲ. ಗೋವಿನ ಸಿಡುಬಿನಿಂದ ತಯಾರಾದ ಲಸಿಕೆಯು ಭಾರತದಲ್ಲಿ ಮೊದಲ ಬಾರಿಗೆ ಪ್ರಯೋಗವಾದದ್ದು ೧೮೦೨ರಲ್ಲಿ, ಮುಂಬಯಿಯಲ್ಲಿ. ಕೆಲವೇ ವರ್ಷಗಳಲ್ಲಿ ಅದು ಮೈಸೂರು ಸಂಸ್ಥಾನವನ್ನು ತಲುಪಿತು. ಸುಮಾರು ೧೮೦೫ರಲ್ಲಿ ಚಿತ್ರಕಾರ ಥಾಮಸ್ ಹಿಕಿ ರಚಿಸಿದ ಮೂವರು ಸ್ತ್ರೀಯರ ವರ್ಣಚಿತ್ರವು ಮೈಸೂರು ಅರಮನೆಯ ರಾಣಿಯರದೆಂದೂ, ಲಸಿಕೆಯನ್ನು ಜನರಲ್ಲಿ ಪ್ರಚುರಪಡಿಸುವುದು ಅದರ ಉದ್ದೇಶವಾಗಿತ್ತೆಂದೂ ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ. ಅಂದಿನ ವಿಧಾನದಲ್ಲಿ ಒಬ್ಬರ ತೋಳಿನ ಗುಳ್ಳೆಯ ರಸವನ್ನೇ ಮತ್ತೊಬ್ಬರ ತೋಳಿಗೆ ಹಾಕಬೇಕಾಗಿತ್ತು. ಜಾತಿ ಮಡಿಗಳ ಸಮಾಜದಲ್ಲಿ ಇದಕ್ಕೆ ಒಪ್ಪಿಗೆ ಪಡೆಯುವುದು ಸುಲಭವಾಗಿರಲಿಲ್ಲ. ಆದರೂ ‘ದಾಕು ಹಾಕಿಸುವುದು’ ಎಂಬ ನುಡಿ ಹಳೆಯ ಮೈಸೂರು ಸೀಮೆಯ ಮನೆಮಾತಿನಲ್ಲಿ ನೆಲೆಗೊಂಡಿತು. ಸಿಡುಬನ್ನು ‘ಅಮ್ಮ’ ಎಂದು ಪೂಜಿಸಿದ ಮನೆಗಳೇ ಮಕ್ಕಳಿಗೆ ದಾಕನ್ನೂ ಹಾಕಿಸಿದವು. ನಂಬಿಕೆ ಮತ್ತು ಲಸಿಕೆ ಪರಸ್ಪರ ವಿರೋಧಿಗಳೆಂಬ ಸಾಮಾನ್ಯ ಗ್ರಹಿಕೆಯನ್ನು ಈ ಸಂಗತಿ ಪ್ರಶ್ನಿಸುತ್ತದೆ.

ಹದಿನೆಂಟುನೂರ ತೊಂಬತ್ತರ ದಶಕದ ಪ್ಲೇಗು ಇನ್ನೊಂದು ಪಾಠವನ್ನು ಕಲಿಸಿತು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ೧೮೯೭ರ ಜನವರಿ ೧೦ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ೧೮೯೮ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರು ಈ ಹೊಸ ಲಸಿಕೆಯನ್ನು ಹಾಕಿಸಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಸರ್ಕಾರದ ಪ್ಲೇಗ್ ನಿಯಂತ್ರಣ ಕ್ರಮಗಳ ವಿರುದ್ಧ ಜನರು ದಂಗೆಯೆದ್ದರು. ರೋಗ ಒಂದೇ, ಕಾಲ ಒಂದೇ. ಆದರೂ ಒಂದೆಡೆ ಸಮ್ಮತಿ, ಇನ್ನೊಂದೆಡೆ ಪ್ರತಿಭಟನೆ. ಸಾವನ್ನು ಕಣ್ಣಾರೆ ಕಂಡ ಊರಿನಲ್ಲಿ ಸೂಜಿಯು ರಕ್ಷಣೆಯಾಗಿ ತೋರಿತು. ಮನೆಯ ಶೋಧನೆ, ಬಲವಂತದ ಪ್ರತ್ಯೇಕವಾಸಗಳ ರೂಪದಲ್ಲಿ ಎದುರಾದ ಆರೋಗ್ಯಕ್ರಮವು ದಬ್ಬಾಳಿಕೆಯಾಗಿ ತೋರಿತು. ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರ ಮತ್ತು ಮಾಲೂರು ತಾಲ್ಲೂಕಿನಲ್ಲಿ ೧೮೯೧ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ತಲೆಮಾರು ಎಳೆಯ ವಯಸ್ಸಿನಲ್ಲಿ ಕಂಡದ್ದು ಈ ಕಾಲವನ್ನೇ.

ಲಸಿಕೆಯ ಬಗೆಗಿನ ಭಯ ಯಾವಾಗಲೂ ನಿರಾಧಾರವೂ ಅಲ್ಲ. ೧೯೦೨ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಪ್ಲೇಗ್ ಲಸಿಕೆ ಪಡೆದ ೧೯ ಜನರು ಧನುರ್ವಾಯುವಿನಿಂದ ಮೃತರಾದರು. ದೋಷವಿದ್ದದ್ದು ಲಸಿಕೆಯಲ್ಲಲ್ಲ, ಆ ಸೀಸೆಯನ್ನು ಬಳಸಿದ ರೀತಿಯಲ್ಲಿ ಎಂಬ ವಾದಕ್ಕೆ ಮನ್ನಣೆ ದೊರೆತು ಹಾಫ್‌ಕಿನ್ನನ ಮೇಲಿನ ಕಳಂಕ ತೊಡೆದುಹೋಗಲು ೧೯೦೭ರವರೆಗೆ ಕಾಯಬೇಕಾಯಿತು. ಸತ್ಯ ತಡವಾಗಿ ಬಂದಾಗ ವಿಶ್ವಾಸಕ್ಕೆ ಆಗುವ ನಷ್ಟ ಎಷ್ಟೆಂಬುದಕ್ಕೆ ಇದು ಹಳೆಯ ನಿದರ್ಶನ.

೨. ಕೋಲಾರ ಸೀಮೆ ಮತ್ತು ಕೋವಿಡ್

ಕೋಲಾರ ಜಿಲ್ಲೆ ಮೂರು ರಾಜ್ಯಗಳು ಕೂಡುವ ಎಡೆ. ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರಪ್ರದೇಶಕ್ಕೆ ಅಂಟಿಕೊಂಡಿವೆ. ಮಾಲೂರಿನ ದಕ್ಷಿಣಕ್ಕೆ ತಮಿಳುನಾಡಿನ ಹೊಸೂರು ಸೀಮೆಯಿದೆ. ಕನ್ನಡ, ತೆಲುಗು, ತಮಿಳು, ಉರ್ದು ಭಾಷೆಗಳು ಇಲ್ಲಿ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಬೆಂಗಳೂರು–ಚೆನ್ನೈ ಹೆದ್ದಾರಿಯು ಕೋಲಾರ, ಮುಳಬಾಗಿಲುಗಳನ್ನು ಹಾದು ಹೋಗುತ್ತದೆ. ಟೊಮ್ಯಾಟೊ, ಮಾವು, ರೇಷ್ಮೆ, ಹಾಲು ಇವು ಇಲ್ಲಿನ ಬದುಕಿನ ಆಧಾರಗಳು. ದಿನಗೂಲಿಗಾಗಿಯೂ ಕಾರ್ಖಾನೆಯ ಕೆಲಸಕ್ಕಾಗಿಯೂ ಪ್ರತಿದಿನ ಬೆಂಗಳೂರಿನ ಕಡೆಗೆ ಹೋಗಿಬರುವವರು ಬಹಳ.

ಭಾರತದಲ್ಲಿ ಕೋವಿಡ್‌ನಿಂದ ಮೊದಲ ಸಾವು ಸಂಭವಿಸಿದ್ದು ೨೦೨೦ರ ಮಾರ್ಚಿನಲ್ಲಿ, ಕರ್ನಾಟಕದ ಕಲಬುರಗಿಯಲ್ಲಿ. ಆದರೆ ಕೋಲಾರ ಜಿಲ್ಲೆ ೨೦೨೦ರ ಮೇ ತಿಂಗಳವರೆಗೆ ‘ಹಸಿರು ವಲಯ’ದಲ್ಲಿತ್ತು; ಮೊದಲ ಪ್ರಕರಣಗಳು ಮುಳಬಾಗಿಲು ತಾಲ್ಲೂಕಿನಲ್ಲಿ ಕಾಣಿಸಿಕೊಂಡವು. ರೋಗಕ್ಕಿಂತ ಮೊದಲು ಲಾಕ್‌ಡೌನ್ ಬಂದದ್ದು ಇಲ್ಲಿನ ಅನುಭವ. ಕಾಣದ ರೋಗಕ್ಕಾಗಿ ಕೂಲಿ ಕಳೆದುಕೊಂಡವರಿಗೆ, ಅದೇ ರೋಗಕ್ಕೆ ಲಸಿಕೆ ಬಂದಿದೆಯೆಂದಾಗ ಆತುರವುಂಟಾಗದಿದ್ದರೆ ಅಚ್ಚರಿಪಡಬೇಕಾದುದಿಲ್ಲ.

೩. ‘ನೋಡೋಣ’ ಎಂಬ ಉತ್ತರದ ಒಳಗೆ

ಲಸಿಕೆಯ ಬಗೆಗಿನ ಹಿಂಜರಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿಯೇ ಜಗತ್ತಿನ ಆರೋಗ್ಯಕ್ಕೆ ಎದುರಾದ ಹತ್ತು ಅಪಾಯಗಳಲ್ಲಿ ಒಂದೆಂದು ಗುರುತಿಸಿತ್ತು. ಅದರ ತಜ್ಞರು ಈ ಹಿಂಜರಿಕೆಗೆ ಮೂರು ಮೂಲಗಳನ್ನು ಹೇಳಿದ್ದಾರೆ: ವಿಶ್ವಾಸದ ಕೊರತೆ, ರೋಗದ ಬಗೆಗಿನ ಉದಾಸೀನ, ಅನುಕೂಲದ ಅಭಾವ. ಈ ಮೂರನ್ನೂ ಬೇರೆಬೇರೆಯಾಗಿ ನೋಡುವುದು ಉಚಿತ. ಏಕೆಂದರೆ ಒಂದಕ್ಕೆ ಹೇಳುವ ಪರಿಹಾರ ಇನ್ನೊಂದಕ್ಕೆ ಸಲ್ಲದು.

ಮೊದಲನೆಯದು ವಿಶ್ವಾಸ. ಲಸಿಕೆಗಳು ಸಿದ್ಧವಾಗಲು ಅನೇಕ ವರ್ಷಗಳು ಬೇಕೆಂದು ಕೇಳಿದ್ದವರಿಗೆ ಒಂದೇ ವರ್ಷದಲ್ಲಿ ಬಂದ ಲಸಿಕೆ ಸಂಶಯವನ್ನು ಹುಟ್ಟಿಸಿತು. ಈ ಶೀಘ್ರತೆಗೆ ಕಾರಣಗಳಿದ್ದವು. ಹಿಂದಿನ ಕೊರೋನಾ ಜಾತಿಯ ರೋಗಗಳ ಮೇಲೆ ನಡೆದಿದ್ದ ಸಂಶೋಧನೆ ನೆರವಿಗೆ ಬಂದಿತು. ಪರೀಕ್ಷೆಯ ಹಂತಗಳನ್ನು ಒಂದರ ಹಿಂದೆ ಒಂದಾಗಿ ನಡೆಸದೆ ಕೆಲವನ್ನು ಒಟ್ಟಿಗೆ ನಡೆಸಲಾಯಿತು. ಫಲಿತಾಂಶ ಬರುವ ಮೊದಲೇ ಉತ್ಪಾದನೆಗೆ ಹಣ ಹೂಡಲಾಯಿತು. ಆದರೆ ಈ ವಿವರಣೆ ಹಳ್ಳಿಯ ಜಗಲಿಯನ್ನು ತಲುಪಿದ್ದು ಕಡಿಮೆ. ಇದಲ್ಲದೆ ಕೋವ್ಯಾಕ್ಸಿನ್ ಲಸಿಕೆಗೆ ೨೦೨೧ರ ಜನವರಿ ೩ರಂದು ಅನುಮತಿ ದೊರೆತಾಗ ಅದರ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಪ್ರಕಟವಾಗಿರಲಿಲ್ಲ. ಮಧ್ಯಂತರ ಫಲಿತಾಂಶ ಹೊರಬಿದ್ದದ್ದು ಮಾರ್ಚಿನಲ್ಲಿ. ಜನವರಿ ೧೬ರಂದು ಅಭಿಯಾನ ಆರಂಭವಾದಾಗ ಆರೋಗ್ಯ ಸಿಬ್ಬಂದಿಯಲ್ಲಿಯೇ ಹಲವರು ಹಿಂದೆಗೆದರು. ವೈದ್ಯಕೀಯ ಜ್ಞಾನವುಳ್ಳವರೇ ‘ನೋಡೋಣ’ ಎಂದ ಮೇಲೆ ಆ ಮಾತನ್ನು ಅಜ್ಞಾನದ ಲಕ್ಷಣವೆಂದು ಹೇಳುವುದು ಸಮಂಜಸವಲ್ಲ.

ಗಡಿಸೀಮೆಯಲ್ಲಿ ವಿಶ್ವಾಸ ಅವಿಶ್ವಾಸಗಳೆರಡೂ ಹಲವು ಭಾಷೆಗಳಲ್ಲಿ ಹರಿದುಬರುತ್ತವೆ. ೨೦೨೧ರ ಏಪ್ರಿಲ್‌ನಲ್ಲಿ ತಮಿಳು ಚಿತ್ರನಟ ವಿವೇಕ್ ಚೆನ್ನೈಯಲ್ಲಿ ಲಸಿಕೆ ಪಡೆದ ಎರಡು ದಿನಗಳಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಸಾವಿಗೂ ಲಸಿಕೆಗೂ ಸಂಬಂಧವಿಲ್ಲವೆಂದು ತಜ್ಞರ ಸಮಿತಿಯ ನಿರ್ಣಯ ತಿಳಿದುಬಂದದ್ದು ತಿಂಗಳುಗಳ ಅನಂತರ. ಸುದ್ದಿಗೆ ಒಂದು ದಿನ ಸಾಕಾಯಿತು, ನಿರ್ಣಯಕ್ಕೆ ತಿಂಗಳುಗಳು ಬೇಕಾದವು. ರಾಜ್ಯದ ಎಲ್ಲೆ ಪ್ರಕಟಣೆಗಳನ್ನು ತಡೆಯಬಹುದು, ವದಂತಿಯನ್ನು ತಡೆಯಲಾರದು. ಕನ್ನಡದಲ್ಲಿ ಮಾತ್ರ ಹೊರಡಿಸಿದ ತಿಳಿವಳಿಕೆ ಪತ್ರವು ತೆಲುಗಿನಲ್ಲಿ ಹುಟ್ಟಿದ ಸಂದೇಹಕ್ಕೆ ಪೂರ್ಣ ಉತ್ತರವಾಗುವುದಿಲ್ಲ.

ಎರಡನೆಯದು ಉದಾಸೀನ. ಇದು ಸ್ಥಿರವಾದ ಗುಣವಲ್ಲ. ೨೦೨೧ರ ಏಪ್ರಿಲ್, ಮೇ ತಿಂಗಳುಗಳ ಎರಡನೆಯ ಅಲೆಯು ಹಳ್ಳಿಗಳನ್ನೂ ಹೊಕ್ಕಾಗ ಮಾರ್ಚಿನಲ್ಲಿ ಲಸಿಕೆಯ ಕಡೆ ತಿರುಗಿನೋಡದವರೂ ಕೇಂದ್ರಗಳ ಮುಂದೆ ಸಾಲುಗಟ್ಟಿದರು. ಆದ್ದರಿಂದ ಯಾವುದೋ ಒಂದು ತಿಂಗಳಲ್ಲಿ ಸಮೀಕ್ಷೆ ನಡೆಸಿ ಶೇಕಡ ಇಷ್ಟು ಜನ ಒಪ್ಪಿದ್ದಾರೆಂದು ಹೇಳುವುದರಿಂದ ಆ ತಿಂಗಳ ಮನಸ್ಸು ತಿಳಿಯುತ್ತದೆಯೇ ಹೊರತು ಜನತೆಯ ಸ್ವಭಾವವಲ್ಲ.

ಮೂರನೆಯದು ಅನುಕೂಲ. ಲಸಿಕೆ ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರುವುದು ಸಾಮಾನ್ಯ. ಸಂಬಳದ ನೌಕರರಿಗೆ ಇದು ರಜೆಯ ವಿಷಯ. ಮಾವಿನ ಕೊಯ್ಲಿನ ಕೂಲಿಯವರಿಗೆ ಎರಡು ದಿನದ ಅನ್ನದ ವಿಷಯ. ಅಭಿಯಾನದ ಬಿರುಸಿನ ದಿನಗಳೂ ಶ್ರೀನಿವಾಸಪುರದ ಮಾವಿನ ಸುಗ್ಗಿಯೂ ಒಂದೇ ಕಾಲಕ್ಕೆ ಕೂಡಿಬಂದವು. ೨೦೨೧ರ ಮೇ ೧ರಿಂದ ೧೮ ವರ್ಷ ಮೀರಿದವರಿಗೆಲ್ಲ ಲಸಿಕೆಯೆಂದು ಸಾರಲಾಯಿತಾದರೂ, ೪೫ರೊಳಗಿನವರು ಮೊದಲಿಗೆ ಅಂತರ್ಜಾಲದ ಮೂಲಕವೇ ಸರದಿ ಕಾದಿರಿಸಬೇಕಾಗಿತ್ತು. ಆ ವ್ಯವಸ್ಥೆಯಲ್ಲಿ ಕನ್ನಡ ಸೇರಿದ್ದು ಜೂನ್‌ನಲ್ಲಿ. ಬೆಂಗಳೂರಿನವರು ಸುತ್ತಣ ಜಿಲ್ಲೆಗಳ ಕೇಂದ್ರಗಳಲ್ಲಿ ಸರದಿ ಹಿಡಿದು ಬಂದು ಲಸಿಕೆ ಪಡೆದದ್ದೂ ವರದಿಯಾಗಿತ್ತು. ಇಷ್ಟರ ಮೇಲೆ ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವಣ ಅಂತರ ಮೊದಲು ನಾಲ್ಕರಿಂದ ಆರು ವಾರವಿದ್ದುದು ಆರರಿಂದ ಎಂಟಾಗಿ, ಮೇ ತಿಂಗಳಲ್ಲಿ ಹನ್ನೆರಡರಿಂದ ಹದಿನಾರು ವಾರವಾಯಿತು. ಹೊಸ ಮಾಹಿತಿಗೆ ತಕ್ಕಂತೆ ನಿಯಮ ಬದಲಾಗುವುದು ವಿಜ್ಞಾನದ ರೀತಿ. ಆದರೆ ಕಾರಣ ಹೇಳದೆ ಬದಲಾದ ನಿಯಮ, ಲಸಿಕೆ ಸಾಲದೆ ಹೇಳಿದ ನೆಪದಂತೆ ಕೇಳುಗರಿಗೆ ತೋರುವುದು ಸಹಜ.

೪. ಒತ್ತಾಯ ಮತ್ತು ಒಪ್ಪಿಗೆ

ಹಿಂಜರಿದವರನ್ನು ಒಲಿಸುವ ಬಗೆಗಳಲ್ಲಿ ಎರಡು ಮಾರ್ಗಗಳು ಕಂಡುಬಂದವು. ಚಾಮರಾಜನಗರ ಜಿಲ್ಲೆಯಲ್ಲಿ ೨೦೨೧ರ ಸೆಪ್ಟೆಂಬರಿನಲ್ಲಿ ಲಸಿಕೆ ಪಡೆಯದವರಿಗೆ ಪಡಿತರವಿಲ್ಲವೆಂಬ ಪ್ರಕಟಣೆ ಹೊರಬಿದ್ದು, ಟೀಕೆಯ ಅನಂತರ ಹಿಂತೆಗೆಯಲ್ಪಟ್ಟಿತು. ಇದು ಒಂದು ಮಾರ್ಗ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಾತನಾಡಿದ್ದು ಇನ್ನೊಂದು. ೨೦೨೧ರ ನವೆಂಬರಿನಲ್ಲಿ ದೇಶವ್ಯಾಪಿಯಾಗಿ ನಡೆದ ಮನೆಬಾಗಿಲ ಅಭಿಯಾನ ಈ ಬಗೆಯದು. ಪೋಲಿಯೊ ಹನಿಯ ಅಭಿಯಾನವು ೧೯೯೫ರಿಂದ ಇದೇ ದಾರಿಯಲ್ಲಿ ಸಾಗಿ, ೨೦೧೪ರಲ್ಲಿ ಭಾರತವು ಪೋಲಿಯೊಮುಕ್ತವೆಂದು ಘೋಷಿತವಾಗಲು ನೆರವಾಗಿತ್ತು. ಮಗುವಿನ ತೂಕ ನೋಡುವವಳು, ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವವಳು ‘ನಾನೂ ಹಾಕಿಸಿಕೊಂಡಿದ್ದೇನೆ, ಜ್ವರ ಬಂದಿತ್ತು, ಹೋಯಿತು’ ಎಂದಾಗ ಆ ಮಾತಿಗೆ ಬೇರೆಯೇ ತೂಕವಿರುತ್ತದೆ. ನಾಳೆ ತೊಂದರೆಯಾದರೆ ಅವಳು ಅದೇ ಬೀದಿಯಲ್ಲಿ ಸಿಗುತ್ತಾಳೆ ಎಂಬುದೇ ಅದಕ್ಕೆ ಕಾರಣ.

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೨ರ ಮೇ ೨ರಂದು ನೀಡಿದ ತೀರ್ಪು ಗಮನಾರ್ಹ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದು ನ್ಯಾಯಾಲಯವು ಹೇಳಿತು. ಸರ್ಕಾರದ ಲಸಿಕಾ ನೀತಿ ಅವಿವೇಕದ್ದಲ್ಲವೆಂದೂ ಹೇಳಿತು. ಅಡ್ಡಪರಿಣಾಮಗಳ ವರದಿಗಳು ಸಾರ್ವಜನಿಕರಿಗೆ ದೊರೆಯಬೇಕೆಂದು ನಿರ್ದೇಶಿಸಿತು. ಈ ಮೂರನ್ನೂ ಒಟ್ಟಿಗೆ ಓದಿದರೆ, ಸಮ್ಮತಿಯನ್ನು ಮುಕ್ತ ಮಾಹಿತಿಯಿಂದ ಪಡೆಯಬೇಕೆಂಬ ಅರ್ಥ ಹೊರಡುತ್ತದೆ.

೫. ಉಪಸಂಹಾರ

ಒಮ್ಮೆ ಗಳಿಸಿದ ವಿಶ್ವಾಸ ಎಂದೆಂದಿಗೂ ಉಳಿಯುವುದಿಲ್ಲ. ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆಯುಂಟಾಗಬಹುದೆಂಬುದು ೨೦೨೧ರಲ್ಲಿಯೇ ವೈದ್ಯಲೋಕಕ್ಕೆ ತಿಳಿದಿತ್ತು. ಆದರೆ ೨೦೨೪ರಲ್ಲಿ ಬ್ರಿಟನ್ನಿನ ನ್ಯಾಯಾಲಯದ ದಾಖಲೆಯೊಂದರ ಮೂಲಕ ಅದು ಮತ್ತೆ ಸುದ್ದಿಯಾದಾಗ ಅನೇಕರಿಗೆ ಮುಚ್ಚಿಟ್ಟ ಗುಟ್ಟು ಬಯಲಾದಂತೆ ತೋರಿತು. ೨೦೨೫ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳಿಗೆ ಲಸಿಕೆ ಕಾರಣವಿರಬಹುದೇ ಎಂಬ ಪ್ರಶ್ನೆ ರಾಜ್ಯದಲ್ಲಿ ಎದ್ದಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಅಂತಹ ಸಂಬಂಧ ಕಂಡುಬಂದಿಲ್ಲವೆಂದು ವರದಿ ನೀಡಿತು. ಲಸಿಕೆ ಕೊಡುವ ದಿನವೇ ವಿರಳ ಅಪಾಯವನ್ನೂ ಅದಕ್ಕಿಂತ ಎಷ್ಟೋ ದೊಡ್ಡದಾದ ರೋಗದ ಅಪಾಯವನ್ನೂ ಒಟ್ಟಿಗೆ ತಿಳಿಸಿದ್ದಿದ್ದರೆ ಇಂತಹ ಪ್ರಶ್ನೆಗಳು ಭಯವಾಗಿ ಬೆಳೆಯುವ ಸಂಭವ ಕಡಿಮೆಯಾಗುತ್ತಿತ್ತು.

ಸಿಡುಬು, ಪ್ಲೇಗು, ಪೋಲಿಯೊ, ಕೋವಿಡ್ ಈ ನಾಲ್ಕರ ಅನುಭವದಿಂದ ಹೊರಡುವ ತಾತ್ಪರ್ಯವಿಷ್ಟು: ಲಸಿಕೆಗೆ ದೊರೆಯುವ ಸಮ್ಮತಿಯು ಜನರ ವಿದ್ಯೆಯನ್ನು ಅವಲಂಬಿಸಿರುವಷ್ಟೇ ಕೊಡುವವರ ನಡತೆಯನ್ನೂ ಅವಲಂಬಿಸಿದೆ. ಮುಂದಿನ ಸಾಂಕ್ರಾಮಿಕದಲ್ಲಿಯೂ ಕೋಲಾರ ಸೀಮೆಯ ಮನೆಗಳಿಂದ ಮೊದಲು ಬರುವ ಉತ್ತರ ‘ನೋಡೋಣ’ ಎಂಬುದೇ ಆಗಿರಬಹುದು. ಅದನ್ನು ಅಡ್ಡಿಯೆಂದು ಭಾವಿಸಿದರೆ ದಂಡನೆಯ ಮಾರ್ಗ ತೆರೆಯುತ್ತದೆ. ಪ್ರಶ್ನೆಯೆಂದು ಭಾವಿಸಿದರೆ, ಕೇಳಿದವರ ಭಾಷೆಯಲ್ಲಿ, ಅವರು ಬಲ್ಲವರ ಬಾಯಿಂದ, ಅವರ ಕೂಲಿ ಕೆಡದ ಹೊತ್ತಿನಲ್ಲಿ ಉತ್ತರ ಕೊಡುವ ಹೊಣೆ ವ್ಯವಸ್ಥೆಯ ಮೇಲೆ ಬರುತ್ತದೆ. ಆ ಉತ್ತರ ತಡವಾದಷ್ಟೂ ಅದರ ಬೆಲೆಯನ್ನು ತೆರಬೇಕಾದವರು ಆ ಮನೆಗಳ ವೃದ್ಧರು ಮತ್ತು ರೋಗಿಗಳು.